ನಾಲ್ಕನೆಯ ಸ್ಪರ್ಧಿ: ದೂರಸಂಪರ್ಕ ಸಂಸ್ಥೆಗಳ ಸ್ವಾಧೀನವೂ ಸಾಮಾನ್ಯ ಚಂದಾದಾರನೂ



ಪ್ರಜಾಜೀವನವನ್ನು ಮುಟ್ಟತಕ್ಕ ಒಂದು ಅರ್ಥವಿಚಾರವನ್ನು, ಆ ಶಾಸ್ತ್ರದಲ್ಲಿ ಪರಿಶ್ರಮವಿಲ್ಲದವರಿಗೂ ಗ್ರಾಹ್ಯವಾಗುವಂತೆ, ಕನ್ನಡದಲ್ಲಿ ವಿವೇಚಿಸಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರ ಸಂಕಲ್ಪ. ಅದಕ್ಕೆ ಅನುಗುಣವಾಗಿ ನಾನು ಆರಿಸಿಕೊಂಡಿರುವ ಪ್ರಶ್ನೆ ಇದು: ಒಂದು ದೊಡ್ಡ ದೂರಸಂಪರ್ಕ ಕಂಪನಿ ತನ್ನ ಪ್ರತಿಸ್ಪರ್ಧಿಯನ್ನೇ ಕ್ರಯಕ್ಕೆ ಕೊಳ್ಳಲು ಹೊರಟಾಗ, ಪಾಲುದಾರರ ಲಾಭಾಲಾಭದ ಮಾತು ಒತ್ತಟ್ಟಿಗಿರಲಿ, ತಿಂಗಳು ತಿಂಗಳು ಹಣ ತೆತ್ತು ಮೊಬೈಲ್ ಬಳಸತಕ್ಕ ಗೃಹಸ್ಥನಿಗೆ ಅದರಿಂದ ಆಗತಕ್ಕ ಹಿತಾಹಿತಗಳೇನು?

ಇದಕ್ಕೆ ನಮ್ಮ ದೇಶದಲ್ಲಿ ಉದಾಹರಣೆಗಳ ಕೊರತೆಯಿಲ್ಲ. ಅವನ್ನು ಕಡೆಯಲ್ಲಿ ಮುಟ್ಟುವೆನು. ಆದರೆ ಮುಖ್ಯ ದೃಷ್ಟಾಂತವನ್ನಾಗಿ ಅಮೆರಿಕದ ಒಂದು ಪ್ರಕರಣವನ್ನು ತೆಗೆದುಕೊಳ್ಳುವುದಕ್ಕೆ ಕಾರಣವುಂಟು. ಇಂಥ ಕ್ರಯಗಳು ಸಾಮಾನ್ಯವಾಗಿ ನೆರವೇರಿಬಿಡುತ್ತವೆ. ನೆರವೇರಿದ ಮೇಲೆ, ಅವು ನಡೆಯದೆ ಹೋಗಿದ್ದರೆ ಗ್ರಾಹಕನ ಸ್ಥಿತಿ ಹೇಗಿರುತ್ತಿತ್ತೆಂಬುದು ಬರಿಯ ಊಹೆಯ ವಿಷಯವಾಗಿ ಉಳಿಯುತ್ತದೆ. ನಾನು ಹೇಳಲಿರುವ ಪ್ರಕರಣದಲ್ಲಾದರೋ ಕ್ರಯವು ಅರ್ಧದಾರಿಯಲ್ಲಿ ನಿಂತಿತು. ಮಾರಾಟವಾಗಿ ಹೆಸರಳಿಯಬೇಕಾಗಿದ್ದ ಸಂಸ್ಥೆ ಬದುಕಿತು. ಅದು ಬದುಕಿದುದರಿಂದ ಏನಾಯಿತೆಂಬುದನ್ನು ಮುಂದಿನ ವರ್ಷಗಳು ಪ್ರತ್ಯಕ್ಷವಾಗಿ ತೋರಿಸಿಕೊಟ್ಟವು. ಭೌತವಿಜ್ಞಾನಿಗೆ ದೊರೆಯುವ ಪ್ರಯೋಗದ ಸೌಕರ್ಯ ಅರ್ಥವಿಚಾರಕನಿಗೆ ದೊರೆಯುವುದು ದುರ್ಲಭ. ಇಲ್ಲಿ ಅದು ದೈವಾತ್ ದೊರೆತಿದೆ.

೨೦೧೧ನೆಯ ಇಸವಿಯ ಮಾರ್ಚ್ ೨೦ರಂದು, ಜರ್ಮನಿಯ ಡಾಯ್ಚ ಟೆಲಿಕಾಂ ಸಂಸ್ಥೆಯ ಒಡೆತನದಲ್ಲಿದ್ದ ಟಿ-ಮೊಬೈಲ್ ಯುಎಸ್‌ಎ ಎಂಬ ಕಂಪನಿಯನ್ನು ೩,೯೦೦ ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಎಟಿ ಅಂಡ್ ಟಿ ಪ್ರಕಟಿಸಿತು. ಆ ಕಾಲಕ್ಕೆ ಅಮೆರಿಕದಲ್ಲಿ ರಾಷ್ಟ್ರವ್ಯಾಪಿಯಾಗಿ ನಿಸ್ತಂತು ಸೇವೆ ಒದಗಿಸುತ್ತಿದ್ದವರು ನಾಲ್ವರು: ವೆರೈಝನ್, ಎಟಿ ಅಂಡ್ ಟಿ, ಸ್ಪ್ರಿಂಟ್ ಮತ್ತು ಟಿ-ಮೊಬೈಲ್. ದೇಶದ ಸಂಪರ್ಕಗಳಲ್ಲಿ ಶೇಕಡಾ ೯೦ಕ್ಕೂ ಹೆಚ್ಚಿನವು ಈ ನಾಲ್ವರ ಕೈಯಲ್ಲಿದ್ದವು. ಕೊಳ್ಳಲು ಬಂದ ಸಂಸ್ಥೆಗೆ ಒಂಬತ್ತೂವರೆ ಕೋಟಿಯಷ್ಟು ಚಂದಾದಾರರು. ಮಾರಾಟಕ್ಕಿದ್ದ ನಾಲ್ಕನೆಯ ಸಂಸ್ಥೆಗೆ ಮೂರೂಕಾಲು ಕೋಟಿಗೆ ಮೇಲ್ಪಟ್ಟು. ಇವೆರಡೂ ಕೂಡಿದರೆ ಎರಡನೆಯ ಸ್ಥಾನದಲ್ಲಿದ್ದವನು ಒಂದೇ ಹೆಜ್ಜೆಗೆ ಪ್ರಥಮಸ್ಥಾನಕ್ಕೆ ಏರುವನು, ನಾಲ್ವರು ಮೂವರಾಗುವರು, ಆ ಮೂವರಲ್ಲಿ ಸ್ಪ್ರಿಂಟ್ ಬಹಳ ಹಿಂದೆ ಬಿದ್ದು, ವ್ಯವಹಾರವೆಲ್ಲ ವಸ್ತುತಃ ಇಬ್ಬರ ಕೈಸೇರುವುದು: ಇದು ಎಲ್ಲರಿಗೂ ಮೊದಲ ದಿನವೇ ತೋರಿದ ಲೆಕ್ಕ.

ಎಟಿ ಅಂಡ್ ಟಿ ಎಂಬ ಹೆಸರಿಗೆ ಆ ದೇಶದಲ್ಲಿ ಒಂದು ಪೂರ್ವಚರಿತ್ರೆಯಿದೆ. ಒಂದು ಕಾಲಕ್ಕೆ ಅಮೆರಿಕದ ದೂರವಾಣಿಯೆಂದರೆ ಅದೇ ಆಗಿತ್ತು. ಆ ಏಕಸ್ವಾಮ್ಯದ ವಿರುದ್ಧ ಸರ್ಕಾರವು ೧೯೭೪ರಲ್ಲಿ ದಾವೆ ಹೂಡಿ, ೧೯೮೨ರಲ್ಲಿ ಒಪ್ಪಂದಕ್ಕೆ ಬಂದು, ೧೯೮೪ರ ಮೊದಲ ದಿನದಿಂದ ಸ್ಥಳೀಯ ದೂರವಾಣಿ ವ್ಯವಹಾರವು ಏಳು ಪ್ರಾಂತೀಯ ಕಂಪನಿಗಳಾಗಿ ಬೇರ್ಪಟ್ಟಿತು. ಆ ಏಳರಲ್ಲಿ ಒಂದರ ಉತ್ತರಾಧಿಕಾರಿಯಾದ ಎಸ್‌ಬಿಸಿ ಕಂಪನಿ, ಸಹೋದರಿಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಬಂದು, ೨೦೦೫ರಲ್ಲಿ ತನ್ನ ಹಿಂದಿನ ತಾಯಿಸಂಸ್ಥೆಯನ್ನೇ ಕೊಂಡು ಅದರ ಹೆಸರನ್ನು ಧರಿಸಿತು. ನ್ಯಾಯಾಸ್ಥಾನವು ವಿಭಜಿಸಿದ್ದನ್ನು ಕ್ರಯಪತ್ರಗಳು ಇಪ್ಪತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಮತ್ತೆ ಒಂದುಗೂಡಿಸಿದುವೆಂಬುದು, ಮುಂದಿನ ಕಥೆಯನ್ನು ಕೇಳುವಾಗ ಮನಸ್ಸಿನಲ್ಲಿರಬೇಕಾದ ಸಂಗತಿ.

ಕೊಳ್ಳುವವರ ವಾದವನ್ನು ನ್ಯಾಯವಾಗಿ ಹೇಳಬೇಕು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ನಿಸ್ತಂತು ಸೇವೆಗೆ ತರಂಗಾಂತರವೇ ಭೂಮಿ, ಅದು ಪರಿಮಿತ, ಸರ್ಕಾರವು ಹರಾಜಿನಲ್ಲಿ ಕೊಟ್ಟಷ್ಟೇ ದೊರೆಯತಕ್ಕದ್ದು. ೨೦೦೭ರಿಂದ ಐಫೋನನ್ನು ಅಮೆರಿಕದಲ್ಲಿ ಮೂರೂವರೆ ವರ್ಷಕಾಲ ತಾನೊಂದೇ ಮಾರಿದ ಎಟಿ ಅಂಡ್ ಟಿ, ತನ್ನ ಜಾಲದ ಮೇಲಿನ ದತ್ತಾಂಶ ಸಂಚಾರವು ೨೦೦೭ರಿಂದ ೨೦೧೦ರೊಳಗೆ ಶೇಕಡಾ ೮,೦೦೦ದಷ್ಟು ಹೆಚ್ಚಿತೆಂದು ಹೇಳಿಕೊಂಡಿತು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ನಗರಗಳಲ್ಲಿ ಮಾತಿನ ಮಧ್ಯದಲ್ಲಿ ಕರೆ ಕಡಿದುಹೋಗುತ್ತಿದ್ದುದು ಅದರ ಗ್ರಾಹಕರೆಲ್ಲರ ದೂರಾಗಿತ್ತು. ಟಿ-ಮೊಬೈಲಿನ ತರಂಗಾಂತರವೂ ಗೋಪುರಗಳೂ ಕೈಗೆ ಬಂದರೆ ಈ ಇಕ್ಕಟ್ಟು ಬೇಗ ಪರಿಹಾರವಾಗುವುದು, ಒಂದೇ ಬೀದಿಯಲ್ಲಿ ಎರಡು ಸಂಸ್ಥೆಗಳು ಎರಡು ಗೋಪುರಗಳನ್ನು ಸಾಕುವ ವ್ಯರ್ಥವ್ಯಯ ತಪ್ಪುವುದು, ನಾಲ್ಕನೆಯ ತಲೆಮಾರಿನ ಎಲ್‌ಟಿಇ ಸೇವೆಯನ್ನು ಶೇಕಡಾ ೮೦ರಷ್ಟು ಜನರಿಗೆ ಮಾತ್ರ ಮುಟ್ಟಿಸಲು ಯೋಚಿಸಿದ್ದ ತಾನು ಶೇಕಡಾ ೯೭ರಷ್ಟು ಜನರಿಗೆ ಮುಟ್ಟಿಸಬಲ್ಲೆನು ಎಂಬುದು ಅದರ ಪ್ರತಿಜ್ಞೆ. ಇತ್ತ ಟಿ-ಮೊಬೈಲಿನ ಒಡೆಯನಾದ ಡಾಯ್ಚ ಟೆಲಿಕಾಂಗೆ ಅಮೆರಿಕದಲ್ಲಿ ಇನ್ನಷ್ಟು ಬಂಡವಾಳ ಹೂಡುವ ಉತ್ಸಾಹವಿರಲಿಲ್ಲ. ಟಿ-ಮೊಬೈಲಿನ ಗ್ರಾಹಕರು ಕಡಿಮೆಯಾಗುತ್ತಿದ್ದರು. ಐಫೋನೂ ಅದರ ಅಂಗಡಿಯಲ್ಲಿರಲಿಲ್ಲ.

ಈಗ ಟಿ-ಮೊಬೈಲಿನ ಒಬ್ಬ ಚಂದಾದಾರನ ಸ್ಥಾನದಲ್ಲಿ ನಿಂತು ನೋಡೋಣ. ಆತ ಆ ಸಂಸ್ಥೆಯನ್ನು ಹಿಡಿದುದೇ ಅದರ ದರ ಅಗ್ಗವಾಗಿದ್ದುದರಿಂದ. ಕ್ರಯವಾದರೂ ಇರುವ ಯೋಜನೆಯನ್ನು ಉಳಿಸಿಕೊಳ್ಳಬಹುದೆಂಬ ಆಶ್ವಾಸನೆ ಅವನಿಗೆ ದೊರೆಯಿತು. ಆದರೆ ಇಂಥ ಆಶ್ವಾಸನೆಯ ಸ್ವಭಾವವನ್ನು ಪರೀಕ್ಷಿಸಬೇಕು: ಅದು ಹಳೆಯ ಯೋಜನೆಯನ್ನು ರಕ್ಷಿಸುತ್ತದೆಯೇ ಹೊರತು ಅದನ್ನು ಹಿಡಿದಿರುವವನನ್ನಲ್ಲ. ಮನೆಗೆ ಇನ್ನೊಂದು ಸಂಪರ್ಕ ಬೇಕಾದಾಗ, ಫೋನು ಕೆಟ್ಟು ರಿಯಾಯಿತಿಯಲ್ಲಿ ಹೊಸದನ್ನು ಕೊಳ್ಳಬೇಕಾದಾಗ, ಹೊಸ ತಲೆಮಾರಿನ ಸೇವೆಗೆ ಏರಬೇಕಾದಾಗ, ಆತ ಹೊಸ ಒಡೆಯನ ಹೊಸ ದರಪಟ್ಟಿಗೆ ಬರಲೇಬೇಕು. ಮೊಬೈಲಿನ ವ್ಯವಹಾರದಲ್ಲಿ ಅಂಥ ಸಂದರ್ಭ ಎರಡು ವರ್ಷಕ್ಕೊಮ್ಮೆಯಾದರೂ ಬರುತ್ತದೆ.

ಫೋನಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಎರಡು ಕಂಪನಿಗಳೂ ಜಿಎಸ್‌ಎಂ ಎಂಬ ಒಂದೇ ತಾಂತ್ರಿಕ ಪದ್ಧತಿಯವಾದರೂ, ಟಿ-ಮೊಬೈಲಿನ ಮೂರನೆಯ ತಲೆಮಾರಿನ ಸೇವೆ ನಡೆಯುತ್ತಿದ್ದುದು ೧೭೦೦ ಮತ್ತು ೨೧೦೦ ಮೆಗಾಹರ್ಟ್ಸ್ ಜೋಡಿಯ ಮೇಲೆ, ಎಟಿ ಅಂಡ್ ಟಿಯದು ೮೫೦ ಮತ್ತು ೧೯೦೦ರ ಮೇಲೆ. ಕೊಳ್ಳುವವನಿಗೆ ಬೇಕಾಗಿದ್ದುದು ಆ ಮೊದಲನೆಯ ಜೋಡಿ, ಅದೂ ತನ್ನ ಎಲ್‌ಟಿಇಗಾಗಿ. ಅದನ್ನು ತೆರವು ಮಾಡಿಸಿದರೆ ಅದರ ಮೇಲೆ ನಡೆಯುತ್ತಿದ್ದ ಫೋನುಗಳು ವೇಗದ ಸೇವೆಯನ್ನು ಕಳೆದುಕೊಳ್ಳುವುವು. ಕಾಲಕ್ರಮದಲ್ಲಿ ಗ್ರಾಹಕರು ಫೋನುಗಳನ್ನು ಬದಲಾಯಿಸಿಕೊಳ್ಳುವರೆಂದು ಸಂಸ್ಥೆಯವರೇ ಒಪ್ಪಿಕೊಂಡರು. ಪೂರ್ವದೃಷ್ಟಾಂತವೂ ಉಂಟು: ಸಿಂಗ್ಯುಲರ್ ಕಂಪನಿ ೨೦೦೪ರಲ್ಲಿ ಎಟಿ ಅಂಡ್ ಟಿ ವೈರ್‌ಲೆಸ್ಸನ್ನು ಕೊಂಡು, ೨೦೦೬ರಲ್ಲಿ ಹಳೆಯ ತಂತ್ರದ ಫೋನುಗಳನ್ನೇ ಹಿಡಿದಿದ್ದ ಗ್ರಾಹಕರ ಮೇಲೆ ತಿಂಗಳಿಗೆ ಸುಮಾರು ೫ ಡಾಲರ್ ಹೆಚ್ಚಿನ ಶುಲ್ಕ ವಿಧಿಸಿತು. ಜಾಲಗಳ ಐಕ್ಯದ ಖರ್ಚು ಹೀಗೆ, ಹೊಸ ಫೋನಿನ ಬೆಲೆಯಾಗಿಯೋ ಹಳೆಯ ಫೋನಿನ ದಂಡವಾಗಿಯೋ, ಒಂದಲ್ಲ ಒಂದು ರೂಪದಿಂದ ಚಂದಾದಾರನ ಕೈಚೀಲಕ್ಕೆ ಬಂದು ತಗಲುತ್ತದೆ.

ಪ್ರಸಂಗವಶಾತ್ ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. ವೆರೈಝನ್, ಸ್ಪ್ರಿಂಟ್ ಎರಡೂ ಸಿಡಿಎಂಎ ಎಂಬ ಬೇರೆಯ ಪದ್ಧತಿಯನ್ನು ಅನುಸರಿಸುತ್ತಿದ್ದುವಾದ್ದರಿಂದ, ಮಕ್ಕಳನ್ನು ನೋಡಲು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕ್ಯಾಲಿಫೋರ್ನಿಯಕ್ಕೆ ಹೋದ ತಂದೆತಾಯಿಗಳು ತಮ್ಮ ಜಿಎಸ್‌ಎಂ ಫೋನಿಗೆ ಅಲ್ಲಿಯ ಸಿಮ್ ಹಾಕಿಕೊಳ್ಳಬೇಕಾದರೆ ರಾಷ್ಟ್ರವ್ಯಾಪಿಯಾದ ಸಂಸ್ಥೆಗಳು ಎರಡೇ ಇದ್ದುವು, ಮತ್ತು ಈ ಕ್ರಯದಿಂದ ಆ ಎರಡು ಒಂದಾಗುತ್ತಿದ್ದುವು. ನಾಲ್ವರಿದ್ದಾರೆಂದು ಎಣಿಸುವವರು, ಒಬ್ಬೊಬ್ಬ ಗ್ರಾಹಕನ ಅಗತ್ಯಕ್ಕೆ ಹೊಂದುವವರು ಎಷ್ಟು ಮಂದಿಯೆಂಬುದನ್ನೂ ಎಣಿಸಬೇಕಾಗುತ್ತದೆ.

ಇಷ್ಟೂ ಟಿ-ಮೊಬೈಲಿನ ಗಿರಾಕಿಗಳ ವಿಷಯ. ಆದರೆ ನನ್ನ ಅಭಿಪ್ರಾಯದಲ್ಲಿ ಈ ಕ್ರಯದ ನಿಜವಾದ ಭಾರ ಬೀಳುತ್ತಿದ್ದುದು ಟಿ-ಮೊಬೈಲಿನ ಮುಖವನ್ನೇ ಕಾಣದ ಉಳಿದ ಕೋಟ್ಯಂತರ ಜನರ ಮೇಲೆ. ಇಂದಿನ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬಯಸುವ ಸಂಗತಿಯೂ ಅದೇ. ಪೇಟೆಯಲ್ಲಿ ನಾಲ್ಕು ಅಂಗಡಿಗಳಿದ್ದು, ಕಡೆಯ ಅಂಗಡಿಯವನು ಸೇರಿಗೆ ನಾಲ್ಕು ಕಾಸು ಕಡಿಮೆ ಮಾಡಿ ಮಾರುತ್ತಿದ್ದರೆ, ಅವನ ಅಂಗಡಿಯ ಮೆಟ್ಟಿಲನ್ನು ಎಂದೂ ಹತ್ತದ ಗೃಹಿಣಿಗೂ ಅವನಿಂದ ಉಪಕಾರವಾಗುತ್ತಿರುತ್ತದೆ. ಏಕೆಂದರೆ ಅವಳಿಗೆ ಮಾರುವ ಮೊದಲನೆಯ ಅಂಗಡಿಯವನು ಬೆಲೆ ಹೇಳುವಾಗ ಆ ನಾಲ್ಕನೆಯವನ ಕಡೆಗೆ ಒಂದು ಕಣ್ಣಿಟ್ಟೇ ಹೇಳುತ್ತಾನೆ. ಟಿ-ಮೊಬೈಲ್ ಅಂಥ ನಾಲ್ಕನೆಯವನು. ಆಂಡ್ರಾಯ್ಡ್ ತಂತ್ರಾಂಶದ ಮೊದಲ ಫೋನನ್ನು ೨೦೦೮ರಲ್ಲಿ ಮಾರಾಟಕ್ಕೆ ತಂದದ್ದು ಅದು. ಹಿರಿಯ ಸಂಸ್ಥೆಗಳಿಗಿಂತ ಮಿತವಾದ ದರವನ್ನು ಇಟ್ಟುಕೊಂಡು ಬಂದದ್ದು ಅದು. ದೊಡ್ಡವನಿಗೆ ಸರಿಸಮನಾಗಲಾರದೆ ಚಿಕ್ಕವನಾಗಿಯೂ ಇರಲೊಲ್ಲದೆ ಬೆಳೆಯಬೇಕೆಂಬ ಛಲವುಳ್ಳವನಿಗೆ ಬೆಲೆಯಿಳಿಸುವುದೊಂದೇ ಮಾರ್ಗ. ಆ ಮಾರ್ಗ ಅವನಿಗೆ ಅನಿವಾರ್ಯವಾಗಿರುವುದೇ ಉಳಿದ ಎಲ್ಲರ ಭಾಗ್ಯ. ಅಂಥವನನ್ನು ಕೊಂಡು ಮುಚ್ಚಿದಾಗ ಕಳೆದುಹೋಗುವುದು ಇಂದಿನ ದರಪಟ್ಟಿಯಲ್ಲಿ ಕಾಣಿಸುವುದಿಲ್ಲ. ಮುಂದೆ ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ರಿಯಾಯಿತಿಗಳಲ್ಲಿ ಅದು ಅಡಗಿರುತ್ತದೆ, ಮತ್ತು ಹುಟ್ಟದೆ ಇದ್ದುದಕ್ಕಾಗಿ ಯಾರೂ ದೂರು ಕೊಡಲಾರರು.

ಆ ದೂರನ್ನು ಗ್ರಾಹಕರ ಪರವಾಗಿ ಸರ್ಕಾರವೇ ಕೊಡಬೇಕು. ಅಮೆರಿಕದ ೧೯೧೪ರ ಕ್ಲೇಟನ್ ಕಾಯಿದೆಯ ಏಳನೆಯ ಪ್ರಕರಣವು, ಸ್ಪರ್ಧೆಯನ್ನು ಗಣನೀಯವಾಗಿ ಕುಗ್ಗಿಸುವ ಸಂಭವವುಳ್ಳ ಕ್ರಯವನ್ನು ನಿಷೇಧಿಸುತ್ತದೆ. ಹಾನಿ ನಡೆದುಹೋಗಿರಬೇಕೆಂದು ಅದು ಕೇಳುವುದಿಲ್ಲ, ಸಂಭವವೇ ಸಾಕು. ಆ ಸಂಭವವನ್ನು ಅಳೆಯಲು ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕವೆಂಬ ಮಾನವುಂಟು: ಮಾರುಕಟ್ಟೆಯಲ್ಲಿರುವ ಪ್ರತಿಯೊಬ್ಬನ ಶೇಕಡಾವಾರು ಪಾಲನ್ನು ವರ್ಗಮಾಡಿ ಕೂಡಿಸತಕ್ಕದ್ದು, ಸಮಬಲರಾದ ನಾಲ್ವರಿದ್ದರೆ ಮೊತ್ತ ೨,೫೦೦, ಒಬ್ಬನೇ ಇದ್ದರೆ ೧೦,೦೦೦. ಕ್ರಯದ ಅನಂತರದ ಮೊತ್ತವು ೨,೫೦೦ ಮೀರುವಂತಿದ್ದು, ಕ್ರಯದಿಂದಾಗುವ ಏರಿಕೆ ೨೦೦ಕ್ಕಿಂತ ಹೆಚ್ಚಾಗಿದ್ದರೆ ಸಂಶಯಕ್ಕೆ ಆಧಾರವಿದೆಯೆಂದು ಆಗಿನ ಸರ್ಕಾರಿ ಸೂತ್ರಗಳು ಭಾವಿಸುತ್ತಿದ್ದುವು. ಈ ಕ್ರಯದಿಂದ ಅದು ರಾಷ್ಟ್ರಮಟ್ಟದಲ್ಲಿ ೭೦೦ರಷ್ಟು ಏರಿ ೩,೧೦೦ನ್ನು ದಾಟುತ್ತಿತ್ತು. ನ್ಯಾಯ ಇಲಾಖೆಯು ೨೦೧೧ರ ಆಗಸ್ಟ್ ೩೧ರಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕ್ರಯವು ನಡೆದರೆ ಹೊರದೇಶಗಳಿಂದ ೫,೦೦೦ ಕಾಲ್ ಸೆಂಟರ್ ಉದ್ಯೋಗಗಳನ್ನು ಮರಳಿ ತರುವುದಾಗಿ ಎಟಿ ಅಂಡ್ ಟಿ ಪ್ರಕಟಿಸಿದ್ದೂ ಅದೇ ದಿನ. ನ್ಯೂಯಾರ್ಕ್, ಕ್ಯಾಲಿಫೋರ್ನಿಯ ಮೊದಲಾದ ಏಳು ರಾಜ್ಯಗಳು ಸೆಪ್ಟೆಂಬರಿನಲ್ಲಿ ದಾವೆಗೆ ಜೊತೆಗೂಡಿದುವು.

ಆ ವೇಳೆಗೆ ಶೇಕಡಾ ೯೭ರ ಪ್ರತಿಜ್ಞೆಗೂ ಒಂದು ಪೆಟ್ಟು ಬಿದ್ದಿತ್ತು. ಕಂಪನಿಯ ವಕೀಲರು ದೂರಸಂಪರ್ಕದ ನಿಯಂತ್ರಕವಾದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್ನಿಗೆ ಸಲ್ಲಿಸಿದ ಒಂದು ಗೋಪ್ಯಪತ್ರವು ಆ ಆಗಸ್ಟಿನಲ್ಲಿ ಪ್ರಮಾದದಿಂದ ಸಾರ್ವಜನಿಕವಾಗಿ, ಎಲ್‌ಟಿಇ ಸೇವೆಯನ್ನು ಶೇಕಡಾ ೮೦ರಿಂದ ೯೭ಕ್ಕೆ ವಿಸ್ತರಿಸಲು ಬೇಕಾದ ವೆಚ್ಚ ಸುಮಾರು ೩೮೦ ಕೋಟಿ ಡಾಲರ್ ಎಂಬುದು ಅದರಿಂದ ಹೊರಬಿತ್ತು. ಹಳ್ಳಿಗಾಡಿನ ಗ್ರಾಹಕನಿಗೆ ಸೇವೆ ಮುಟ್ಟಿಸಲು ೩೮೦ ಕೋಟಿ ಸಾಕಾಗಿರುವಾಗ, ಆ ಗ್ರಾಹಕನ ಹೆಸರಿನಲ್ಲಿ ೩,೯೦೦ ಕೋಟಿ ಕೊಟ್ಟು ಪ್ರತಿಸ್ಪರ್ಧಿಯನ್ನು ಕೊಳ್ಳುವುದೇಕೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಬರಲಿಲ್ಲ. ನವೆಂಬರಿನಲ್ಲಿ ಕಮಿಷನ್ನಿನ ಅಧಿಕಾರಿಗಳ ವರದಿಯು, ಉದ್ಯೋಗವೃದ್ಧಿಯ ವಾದವನ್ನೂ ನಂಬತಕ್ಕದ್ದಲ್ಲವೆಂದು ತಳ್ಳಿಹಾಕಿತು. ಈ ಕ್ರಯವನ್ನು ಬೆಂಬಲಿಸಿ ಪತ್ರ ಬರೆದವುಗಳಲ್ಲಿ, ಎಟಿ ಅಂಡ್ ಟಿಯಿಂದ ದಾನ ಪಡೆದಿದ್ದ ಸೇವಾಸಂಸ್ಥೆಗಳು ಹಲವಿದ್ದುದು ನನಗೆ ವ್ಯಸನವನ್ನುಂಟುಮಾಡುವ ಸಂಗತಿ. ನಿರ್ಗತಿಕರ ಪರವಾಗಿ ಮಾತನಾಡಬೇಕಾದ ಬಾಯಿಗಳು ಅವರ ದೂರವಾಣಿಯ ಬಿಲ್ಲಿನ ವಿಷಯದಲ್ಲಿ ದಾತೃವಿನ ಮಾತನ್ನು ಆಡಬಾರದಿತ್ತು.

ಡಿಸೆಂಬರ್ ೧೯ರಂದು ಎಟಿ ಅಂಡ್ ಟಿ ಕ್ರಯವನ್ನು ಕೈಬಿಟ್ಟಿತು. ಕರಾರಿನ ಪ್ರಕಾರ ಅದು ೩೦೦ ಕೋಟಿ ಡಾಲರ್ ನಗದನ್ನೂ, ಕೆಲವು ಪ್ರದೇಶಗಳ ತರಂಗಾಂತರವನ್ನೂ, ತನ್ನ ಜಾಲದಲ್ಲಿ ಏಳು ವರ್ಷಗಳ ರೋಮಿಂಗ್ ಅನುಕೂಲವನ್ನೂ ಎದುರುಪಕ್ಷಕ್ಕೆ ಕೊಡಬೇಕಾಯಿತು. ಕೊಳ್ಳಲು ಬಂದವನೇ ಹೀಗೆ ತನ್ನ ಸ್ಪರ್ಧಿಯನ್ನು ಸಶಕ್ತನನ್ನಾಗಿ ಮಾಡಿ ಹೋದನು.

ಮುಂದೆ ಆದುದನ್ನು ನೋಡಿ. ೨೦೧೩ರ ಮಾರ್ಚಿನಲ್ಲಿ ಟಿ-ಮೊಬೈಲ್, ಗ್ರಾಹಕನನ್ನು ಎರಡು ವರ್ಷ ಕಟ್ಟಿಹಾಕುತ್ತಿದ್ದ ಕರಾರುಪತ್ರವನ್ನು ತೆಗೆದುಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ೧೦೦ಕ್ಕೂ ಹೆಚ್ಚು ದೇಶಗಳಲ್ಲಿ ಮಂದಗತಿಯ ಅಂತರಜಾಲವನ್ನು ಹೆಚ್ಚಿನ ಶುಲ್ಕವಿಲ್ಲದೆ ಒದಗಿಸಿತು. ಅವುಗಳಲ್ಲಿ ಭಾರತವೂ ಒಂದಾದ್ದರಿಂದ, ಊರಿಗೆ ಬರುವ ಅಮೆರಿಕನ್ನಡಿಗರಿಗೆ ಅದರ ಪ್ರಯೋಜನ ನೇರವಾಗಿ ತಿಳಿದಿದೆ. ೨೦೧೪ರ ಜನವರಿಯಲ್ಲಿ, ಬೇರೆ ಕಂಪನಿಯ ಕರಾರನ್ನು ಮುರಿದು ಬರುವವನ ದಂಡವನ್ನು ೩೫೦ ಡಾಲರಿನವರೆಗೆ ತಾನೇ ತೆರುವುದಾಗಿ ಹೇಳಿತು. ನನ್ನ ವಾದಕ್ಕೆ ಮುಖ್ಯವಾದದ್ದು ಮುಂದಿನದು: ೨೦೧೫ರಲ್ಲಿ ವೆರೈಝನ್ ಎರಡು ವರ್ಷದ ಕರಾರನ್ನು ಬಿಟ್ಟಿತು, ೨೦೧೬ರ ಆರಂಭದಲ್ಲಿ ಎಟಿ ಅಂಡ್ ಟಿಯೂ ಬಿಟ್ಟಿತು, ೨೦೧೭ರಲ್ಲಿ ಎರಡೂ ಮಿತಿಯಿಲ್ಲದ ಡೇಟಾ ಯೋಜನೆಗಳಿಗೆ ಮರಳಿದುವು. ಅವು ಹಾಗೆ ಮಾಡಿದ್ದು ಗ್ರಾಹಕವಾತ್ಸಲ್ಯದಿಂದಲ್ಲ, ನಾಲ್ಕನೆಯವನು ಎದುರಿಗೆ ನಿಂತಿದ್ದುದರಿಂದ. ಎಟಿ ಅಂಡ್ ಟಿಯಲ್ಲಿಯೇ ಉಳಿದ ಚಂದಾದಾರನು, ಅದರ ಕ್ರಯವನ್ನು ತಡೆದವರಿಗೆ ಋಣಿಯಾದನು.

ಆದರೆ ಈ ಕಥೆಯ ಉತ್ತರಾರ್ಧವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಬೆಳೆದ ಟಿ-ಮೊಬೈಲ್ ೨೦೧೮ರ ಏಪ್ರಿಲಿನಲ್ಲಿ ಸ್ಪ್ರಿಂಟನ್ನು ೨,೬೦೦ ಕೋಟಿ ಡಾಲರಿನಷ್ಟು ಮೌಲ್ಯಕ್ಕೆ ತನ್ನೊಡನೆ ಸೇರಿಸಿಕೊಳ್ಳುವುದಾಗಿ ಘೋಷಿಸಿತು. ಈ ಸಾರಿ ನ್ಯಾಯ ಇಲಾಖೆ ಒಪ್ಪಿತು. ಸ್ಪ್ರಿಂಟಿನ ಬೂಸ್ಟ್ ಎಂಬ ಪೂರ್ವಪಾವತಿ ಶಾಖೆಯನ್ನು ಡಿಷ್ ಸಂಸ್ಥೆಗೆ ಮಾರಿ, ಅದನ್ನೇ ಹೊಸ ನಾಲ್ಕನೆಯ ಸ್ಪರ್ಧಿಯನ್ನಾಗಿ ನಿಲ್ಲಿಸತಕ್ಕದ್ದೆಂಬುದು ಷರತ್ತು. ಹತ್ತಕ್ಕೂ ಹೆಚ್ಚು ರಾಜ್ಯಗಳು ಪ್ರತ್ಯೇಕವಾಗಿ ದಾವೆ ಹೂಡಿದರೂ, ೨೦೨೦ರ ಫೆಬ್ರವರಿಯಲ್ಲಿ ನ್ಯಾಯಾಧೀಶ ವಿಕ್ಟರ್ ಮರೆರೊ ಕ್ರಯಕ್ಕೆ ಅನುಕೂಲವಾಗಿ ತೀರ್ಪಿತ್ತರು. ಏಪ್ರಿಲ್ ೧ರಂದು ಅದು ನೆರವೇರಿತು. ಮೂರು ವರ್ಷ ದರ ಏರಿಸುವುದಿಲ್ಲವೆಂಬ ವಾಗ್ದಾನವಿತ್ತು. ಆ ಅವಧಿ ಕಳೆದು, ೨೦೨೪ರಲ್ಲಿ ಹಳೆಯ ಯೋಜನೆಗಳನ್ನು ಹಿಡಿದಿದ್ದ ಅನೇಕರ ದರ ಏರಿತು. ಸ್ಪ್ರಿಂಟಿನ ಹಳೆಯ ಸಿಡಿಎಂಎ ಜಾಲವು ೨೦೨೨ರಲ್ಲಿ ನಿಂತು, ಅದನ್ನೇ ನೆಚ್ಚಿದ್ದ ಫೋನುಗಳು ನಿರುಪಯೋಗಿಯಾದುವು. ಇನ್ನು ಕಾಗದದ ಮೇಲೆ ಸೃಷ್ಟಿಸಿದ ನಾಲ್ಕನೆಯ ಸ್ಪರ್ಧಿ: ಡಿಷ್‌ನ ಮಾತೃಸಂಸ್ಥೆಯಾದ ಎಕೋಸ್ಟಾರ್ ೨೦೨೫ರ ಆಗಸ್ಟಿನಲ್ಲಿ ತನ್ನ ತರಂಗಾಂತರದ ಒಂದು ದೊಡ್ಡ ಭಾಗವನ್ನು ಸುಮಾರು ೨,೩೦೦ ಕೋಟಿ ಡಾಲರಿಗೆ ಮಾರಲು ಒಪ್ಪಿತು, ಕೊಳ್ಳಲು ಮುಂದಾದವರು ಎಟಿ ಅಂಡ್ ಟಿ. ಇರುವ ಸ್ಪರ್ಧಿಯನ್ನು ಉಳಿಸಿಕೊಳ್ಳುವುದು ಒಂದು ದಾವೆಯಿಂದ ಸಾಧ್ಯವಾಯಿತು. ಇಲ್ಲದವನನ್ನು ಷರತ್ತುಗಳಿಂದ ನಿರ್ಮಿಸುವುದು ಐದು ವರ್ಷಗಳಲ್ಲಿಯೂ ಸಾಧ್ಯವಾಗಲಿಲ್ಲ.

ನಮ್ಮ ನಾಡಿನ ಮಾತಿಗೆ ಬರುವೆನು. ಕರ್ನಾಟಕದ ಚಂದಾದಾರನಿಗೆ ಈ ಅನುಭವ ಹೊಸದಲ್ಲ. ಜೆಟಿ ಮೊಬೈಲ್ಸ್ ೧೯೯೯ರಲ್ಲಿ ಏರ್‌ಟೆಲ್ ನಡೆಸುವ ಭಾರತಿ ಸಂಸ್ಥೆಯ ಕೈಸೇರಿತು. ಹಚಿಸನ್ನಿನ ಹಚ್ ೨೦೦೭ರಲ್ಲಿ ವೊಡಾಫೋನ್ ಆಯಿತು. ಸ್ಪೈಸ್ ೨೦೦೮ರಲ್ಲಿ ಐಡಿಯಾದ ವಶವಾಯಿತು. ೨೦೧೮ರ ಆಗಸ್ಟ್ ೩೧ರಂದು ವೊಡಾಫೋನ್ ಐಡಿಯಾಗಳು ಒಂದಾಗಿ, ೪೦ ಕೋಟಿಗೂ ಹೆಚ್ಚು ಚಂದಾದಾರರ ಸಂಸ್ಥೆಯಾದುವು. ಸ್ಪೈಸ್ ಸಂಖ್ಯೆಯನ್ನು ಪಡೆದಿದ್ದ ಬೆಂಗಳೂರಿನ ಒಬ್ಬನೂ, ಹಚ್ ಸಂಖ್ಯೆಯನ್ನು ಪಡೆದಿದ್ದ ಅವನ ನೆರೆಯವನೂ, ತಾವಾಗಿ ಏನನ್ನೂ ಬದಲಾಯಿಸದೆ ಒಂದೇ ಕಂಪನಿಯ ಗಿರಾಕಿಗಳಾದರು. ಏರ್‌ಸೆಲ್ ದಿವಾಳಿಯಾಯಿತು, ಟೆಲಿನಾರ್, ಟಾಟಾ ಡೊಕೊಮೊಗಳ ಗ್ರಾಹಕರು ಏರ್‌ಟೆಲಿಗೆ ಬಂದರು. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಹಕ್ಕು ನಮಗೆ ೨೦೧೧ರ ಜನವರಿ ೨೦ರಿಂದ ದೇಶಾದ್ಯಂತ ದೊರೆತಿದೆ, ಅದು ಬೆಲೆಯುಳ್ಳ ಹಕ್ಕು. ಆದರೆ ಹೊರಡುವ ಸ್ವಾತಂತ್ರ್ಯವು ಹೋಗತಕ್ಕ ಸ್ಥಾನವಿದ್ದಾಗ ಮಾತ್ರ ಫಲಿಸುತ್ತದೆ. ೨೦೨೪ರ ಜೂನ್ ಕಡೆಯ ವಾರದಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಒಂದರ ಬೆನ್ನಿಗೊಂದು ದರ ಏರಿಕೆಯನ್ನು ಸಾರಿದುವು. ಅವರು ಕೂಡಿ ಮಾತನಾಡಿಕೊಂಡರೆಂದು ನಾನು ಆರೋಪಿಸುವುದಿಲ್ಲ. ಮೂವರೇ ಇರುವಲ್ಲಿ ಮಾತನಾಡಿಕೊಳ್ಳಬೇಕಾದ ಆವಶ್ಯಕತೆಯೂ ಬೀಳುವುದಿಲ್ಲ. ಆ ಜುಲೈ ತಿಂಗಳಲ್ಲಿ ಬಹುಕಾಲದಿಂದ ಗ್ರಾಹಕರನ್ನು ಕಳೆದುಕೊಳ್ಳುತ್ತಿದ್ದ ಬಿಎಸ್‌ಎನ್‌ಎಲ್ ಲಕ್ಷಾಂತರ ಹೊಸ ಚಂದಾದಾರರನ್ನು ಪಡೆಯಿತು: ದುರ್ಬಲನಾದರೂ ನಮಗೆ ನಾಲ್ಕನೆಯವನೊಬ್ಬನು ಇನ್ನೂ ಇದ್ದಾನೆ.

ಮೂರನೆಯವನ ಸ್ಥಿತಿ ಇನ್ನೂ ಚಿಂತಾಜನಕವಾದದ್ದು. ಬಾಕಿಗಳ ಭಾರದಿಂದ ಬಾಗಿದ ವೊಡಾಫೋನ್ ಐಡಿಯಾದಲ್ಲಿ ಸರ್ಕಾರವು ತನಗೆ ಬರಬೇಕಾದ ಬಾಕಿಯನ್ನು ಷೇರುಗಳಾಗಿ ಪರಿವರ್ತಿಸಿಕೊಂಡು, ೨೦೨೫ರಲ್ಲಿ ಶೇಕಡಾ ೪೯ರಷ್ಟು ಪಾಲಿನ ಒಡೆಯನಾಗಿದೆ. ಆ ಸಂಸ್ಥೆಯನ್ನೋ ಅದರ ತರಂಗಾಂತರವನ್ನೋ ಕೊಳ್ಳಲು ಯಾರಾದರೂ ಮುಂದೆ ಬಂದರೆ, ಮಾರುವವನ ಸ್ಥಾನದಲ್ಲಿಯೂ ಅನುಮತಿ ಕೊಡುವವನ ಸ್ಥಾನದಲ್ಲಿಯೂ ಸರ್ಕಾರವೇ ಇರಬೇಕಾದೀತು. ಕ್ರಯಗಳನ್ನು ಪರಿಶೀಲಿಸುವ ಅಧಿಕಾರವನ್ನು ನಮ್ಮ ಸ್ಪರ್ಧಾ ಆಯೋಗಕ್ಕೆ ಕೊಟ್ಟ ಪ್ರಕರಣಗಳು ಜಾರಿಗೆ ಬಂದದ್ದು ೨೦೧೧ರ ಜೂನ್ ೧ರಿಂದ, ಅಮೆರಿಕದಲ್ಲಿ ನಾನು ವಿವರಿಸಿದ ವ್ಯಾಜ್ಯ ಹೊತ್ತಿಕೊಳ್ಳುತ್ತಿದ್ದ ಕಾಲದಲ್ಲೇ. ಆ ಆಯೋಗದ ಮುಂದೆ ಇಂಥದೊಂದು ಅರ್ಜಿ ಬಂದ ದಿನ, ಕೊಳ್ಳುವವನು ಕೊಡುವ ಭರವಸೆಗಳ ಪಟ್ಟಿಯನ್ನು ಓದುವ ಮೊದಲು, ಆ ಭರವಸೆಗಳನ್ನು ಕ್ರಯವಿಲ್ಲದೆಯೇ ನಡೆಸಲು ಎಷ್ಟು ಹಣ ಬೇಕಾದೀತೆಂಬ ಲೆಕ್ಕವನ್ನು ಆತನಿಂದ ಕೇಳಿ ಪಡೆದು, ಗುಟ್ಟಾಗಿಡದೆ, ಚಂದಾದಾರರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕೆಂದು ನನ್ನ ಪ್ರಾರ್ಥನೆ.